ಒಂದು ತಂಡದ ಹದಿನೆಂಟು ವರ್ಷಗಳು

ಬೇಸಗೆ ಬಂದಿತೆಂದರೆ ನಮ್ಮ ಹುಡುಗರ ಬಾಯಲ್ಲಿ ಒಂದೇ ಮಂತ್ರ: ‘ಈ ಸಲ ಕಪ್ ನಮ್ದೇ’. ದಾವಣಗೆರೆಯ ಮಂಡಿಪೇಟೆಯಲ್ಲಿ ಕೇಳಿದರೂ ಅದೇ, ಹರಿಹರದ ಹೊಳೆಯ ದಂಡೆಯಲ್ಲಿ ಕೇಳಿದರೂ ಅದೇ. ಹದಿನೇಳು ಬೇಸಗೆ ಈ ಮಂತ್ರ ಫಲಿಸಲಿಲ್ಲ. ಹದಿನೆಂಟನೆಯದರಲ್ಲಿ ಫಲಿಸಿತು, ಫಲಿಸಿದ ಮರುದಿನವೇ ಹನ್ನೊಂದು ಮನೆಗಳ ದೀಪ ಆರಿಹೋಯಿತು.

ಇತಿಹಾಸ ಹೇಳಹೊರಟವನು ಕ್ರಿಕೆಟ್ಟಿನ ಮಾತೆತ್ತಿದನೆಂದು ವಾಚಕರು ಹುಬ್ಬೇರಿಸಬಾರದು. ರಾಜ್ಯಗಳು ಏಕೆ ಬಿದ್ದುವೆಂದು ತರಗತಿಯಲ್ಲಿ ಕೇಳಿದರೆ ಮಕ್ಕಳು ‘ಆಡಳಿತದ ಅದಕ್ಷತೆ’ ಎಂದು ಗಿಳಿಪಾಠ ಒಪ್ಪಿಸುತ್ತಾರೆ. ಆ ಎರಡು ಶಬ್ದಗಳ ಒಳಗೆ ಏನೇನು ತುಂಬಿದೆ ಎಂಬುದನ್ನು ನಾವೆಲ್ಲರೂ ಕಣ್ಣಾರೆ ಕಂಡು, ತಾರೀಖು ಸಹಿತ ಬರೆದಿಡಬಹುದಾದ ಉದಾಹರಣೆಯೊಂದಿದ್ದರೆ ಅದು ಬೆಂಗಳೂರಿನ ಈ ತಂಡದ್ದು.

2008ರ ಜನವರಿಯಲ್ಲಿ ಇಂಡಿಯನ್ ಪ್ರೀಮಿಯರ್ ಲೀಗಿನ ಎಂಟು ತಂಡಗಳನ್ನು ಮಾರಾಟಕ್ಕಿಟ್ಟರು. ಬೆಂಗಳೂರಿನ ತಂಡವನ್ನು 11 ಕೋಟಿ 16 ಲಕ್ಷ ಡಾಲರು ತೆತ್ತು ಕೊಂಡವರು ಮದ್ಯೋದ್ಯಮಿ ವಿಜಯ್ ಮಲ್ಯ. ಇಟ್ಟ ಹೆಸರು ರಾಯಲ್ ಚಾಲೆಂಜರ್ಸ್. ಕನ್ನಡಿಸಿದರೆ ‘ರಾಜಠೀವಿಯ ಸವಾಲುಗಾರರು’ ಎಂದಾದೀತು. ಆದರೆ ಈ ಪದದ ವ್ಯುತ್ಪತ್ತಿಯನ್ನು ನಿಘಂಟಿನಲ್ಲಿ ಹುಡುಕಿ ಫಲವಿಲ್ಲ. ಅದು ಅವರ ಕಂಪೆನಿಯ ವಿಸ್ಕಿಯೊಂದರ ಹೆಸರಿನಿಂದ ಬಂದುದು. ಊರು ನಮ್ಮದು, ಹೆಸರು ಸೀಸೆಯದು. ಆ ಮೇಲೆ ನಡೆದ ಅನೇಕ ಸಂಗತಿಗಳಿಗೆ ಈ ನಾಮಕರಣದಲ್ಲಿಯೇ ಬೀಜವಿದ್ದಿತೆಂದು ನನಗೆ ತೋರುತ್ತದೆ. ಜಾಹೀರಾತಿಗೆ ಬೇಕಾದುದು ದೊಡ್ಡ ಮುಖಗಳು. ಪಂದ್ಯ ಗೆಲ್ಲಲು ಬೇಕಾದುದು ಬೇರೆ.

ಆ ವರ್ಷ ಏಪ್ರಿಲ್ 18ರ ರಾತ್ರಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಲೀಗಿನ ಮೊತ್ತಮೊದಲ ಪಂದ್ಯ. ಕೋಲ್ಕತ್ತದ ಬ್ರೆಂಡನ್ ಮೆಕಲಮ್ ಒಬ್ಬರೇ ಔಟಾಗದೆ 158 ರನ್ ಹೊಡೆದರು. ಉತ್ತರವಾಗಿ ನಮ್ಮ ಹನ್ನೊಂದು ಮಂದಿ ಸೇರಿ ಮಾಡಿದ್ದು 82. ನಾಯಕರು ರಾಹುಲ್ ದ್ರಾವಿಡ್. ದ್ರಾವಿಡರ ಯೋಗ್ಯತೆಯನ್ನು ನಾನು ಹೇಳಬೇಕಾದ್ದಿಲ್ಲ. ಆದರೆ ತಂಡದಲ್ಲಿದ್ದವರು ಹೆಚ್ಚಾಗಿ ಐದು ದಿನದ ಆಟದ ಮಹನೀಯರು. ಆಡಬೇಕಾದ್ದು ಮೂರು ಗಂಟೆಯ ಆಟ. ಋತುವಿನ ನಡುವೆಯೇ ಮುಖ್ಯ ಕಾರ್ಯನಿರ್ವಾಹಕ ಚಾರು ಶರ್ಮಾ ಅವರನ್ನು ತೆಗೆದು ಬ್ರಿಜೇಶ್ ಪಟೇಲರನ್ನು ತಂದರು. ಆಟಗಾರರ ಆಯ್ಕೆ ಸರಿಯಾಗಿಲ್ಲವೆಂದು ಒಡೆಯರೇ ಬಹಿರಂಗವಾಗಿ ಗೊಣಗಿದರು. ಯುದ್ಧ ನಡೆದಿರುವಾಗಲೇ ಅರಸನು ಆನೆಯ ಮೇಲಿಂದ ಸೇನಾಪತಿಯನ್ನು ಬೈದರೆ ಕಾಲಾಳುಗಳು ಯಾವ ಕಡೆ ನೋಡಬೇಕು? ಎಂಟು ತಂಡಗಳಲ್ಲಿ ಏಳನೆಯ ಸ್ಥಾನ ದೊರೆಯಿತು.

2009ರಲ್ಲಿ ಲೋಕಸಭಾ ಚುನಾವಣೆಯ ಕಾರಣ ಲೀಗು ದಕ್ಷಿಣ ಆಫ್ರಿಕಕ್ಕೆ ಹೋಯಿತು. 15 ಲಕ್ಷ 50 ಸಾವಿರ ಡಾಲರಿಗೆ ಕೊಂಡ ಕೆವಿನ್ ಪೀಟರ್ಸನ್ ಕೆಲವೇ ಪಂದ್ಯ ನಾಯಕತ್ವ ವಹಿಸಿ, ತಮ್ಮ ದೇಶದ ಕರೆಗೆ ಓಗೊಟ್ಟು ಇಂಗ್ಲೆಂಡಿಗೆ ಹೊರಟುಹೋದರು. ಆಗ ಅನಿಲ್ ಕುಂಬ್ಳೆ ಹೊಣೆ ಹೊತ್ತರು. ತಂಡ ಅಂತಿಮ ಪಂದ್ಯದವರೆಗೂ ಏರಿತು. ಮೇ 24ರಂದು ಜೊಹಾನ್ಸ್‌ಬರ್ಗಿನಲ್ಲಿ ಹೈದರಾಬಾದಿನ ತಂಡ 143, ಕುಂಬ್ಳೆಯವರು 16 ರನ್ ಕೊಟ್ಟು 4 ವಿಕೆಟ್ ಕಿತ್ತರು, ನಮ್ಮವರು 137. ಆರು ರನ್ನಿನ ಸೋಲು. ಆ ಹನ್ನೊಂದರಲ್ಲಿ ಐವರು ಕರ್ನಾಟಕದವರು: ಕುಂಬ್ಳೆ, ದ್ರಾವಿಡ್, ರಾಬಿನ್ ಉತ್ತಪ್ಪ, ಮನೀಷ್ ಪಾಂಡೆ, ಮತ್ತು ನಮ್ಮ ದಾವಣಗೆರೆಯ ವಿನಯ್ ಕುಮಾರ್. ಮೂರು ದಿನಗಳ ಹಿಂದೆಯಷ್ಟೆ ಪಾಂಡೆ 114 ರನ್ ಹೊಡೆದು, ಲೀಗಿನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯರೆನಿಸಿದ್ದರು. ಸೋತರೂ ಬೇಸರವಾಗಲಿಲ್ಲ. ಒಂದು ಮನೆ ಕಟ್ಟುತ್ತಿದ್ದಾರೆ, ಗೋಡೆ ಎದ್ದಿದೆ, ಮಾಡು ಹೊದಿಸುವುದೊಂದು ಉಳಿದಿದೆ ಎಂಬ ಭಾವನೆ.

2011ರ ಜನವರಿಯ ಹರಾಜಿಗೆ ಮುನ್ನ ಆಡಳಿತದವರು ಉಳಿಸಿಕೊಂಡದ್ದು ವಿರಾಟ್ ಕೊಹ್ಲಿ ಒಬ್ಬರನ್ನು. ಕೊಹ್ಲಿಯವರ ಮಟ್ಟಿಗೆ ಅದು ಸರಿಯಾದ ನಿರ್ಧಾರವೆಂದು ಕಾಲವೇ ತೋರಿಸಿಕೊಟ್ಟಿತು. ಆದರೆ ಕುಂಬ್ಳೆ ನಿವೃತ್ತರಾದರು. ದ್ರಾವಿಡ್ ರಾಜಸ್ಥಾನಕ್ಕೆ, ಉತ್ತಪ್ಪ ಪುಣೆಗೆ, ಪಾಂಡೆಯೂ ಪುಣೆಗೆ, ವಿನಯ್ ಕೊಚ್ಚಿಗೆ. ಎರಡು ವರ್ಷದ ಹಿಂದೆ ಎದ್ದ ಗೋಡೆಯ ಇಟ್ಟಿಗೆಗಳು ಮೂರು ಊರಿಗೆ ಹಂಚಿಹೋದವು.

ಹರಾಜೆಂದರೇನೆಂದು ದಾವಣಗೆರೆಯವರಿಗೆ ಯಾರೂ ಕಲಿಸಬೇಕಾದ್ದಿಲ್ಲ. ಹತ್ತಿಯಾಗಲಿ ಮೆಕ್ಕೆಜೋಳವಾಗಲಿ, ನಮ್ಮ ಮಾರುಕಟ್ಟೆಯಲ್ಲಿ ಖರೀದಿದಾರನು ಮೊದಲು ಚೀಲದೊಳಕ್ಕೆ ಕೈಯಿಟ್ಟು ಒಂದು ಹಿಡಿ ಈಚೆಗೆ ತೆಗೆಯುತ್ತಾನೆ. ಕಾಳನ್ನು ಅಂಗೈಯಲ್ಲಿ ಹರವಿ ನೋಡುತ್ತಾನೆ. ಆಮೇಲೆ ಬೆಲೆ ಕೂಗುತ್ತಾನೆ. ಚೀಲದ ಮೇಲಿನ ಅಚ್ಚು ನೋಡಿ ಕೂಗಿದವನ ಅಂಗಡಿ ಬಹಳ ಕಾಲ ನಿಲ್ಲದು. ಬೆಂಗಳೂರಿನವರು ವರ್ಷ ವರ್ಷವೂ ಅಚ್ಚನ್ನು ನೋಡಿ ಕೂಗಿದರು.

ವಿನಯ್ ಕುಮಾರರ ವಿಷಯವನ್ನು ತುಸು ನಿಂತು ಹೇಳಬೇಕು. 1984ರಲ್ಲಿ ದಾವಣಗೆರೆಯಲ್ಲಿ ಹುಟ್ಟಿದ ಇವರನ್ನು ಪತ್ರಿಕೆಗಳು ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಕರೆದುವು. ನಿಜಕ್ಕೂ ಇವರ ಚೆಂಡು ಮಧ್ಯಮ ವೇಗದ್ದು. ಎಕ್ಸ್‌ಪ್ರೆಸ್ ಎಂಬ ಬಿರುದು ನಿಲ್ಲದೆ ಓಡುವ ಗುಣಕ್ಕೆ ಸಲ್ಲತಕ್ಕದ್ದು. ಕೊಚ್ಚಿಯ ತಂಡ ಒಂದೇ ವರ್ಷಕ್ಕೆ ಮುಳುಗಿದ ಮೇಲೆ 2012ರಲ್ಲಿ ಬೆಂಗಳೂರಿಗೆ ಮರಳಿ 19 ವಿಕೆಟ್, 2013ರಲ್ಲಿ 23 ವಿಕೆಟ್ ಗಳಿಸಿದರು. ಅದೇ ಚಳಿಗಾಲದಲ್ಲಿ ಇವರ ನಾಯಕತ್ವದಲ್ಲಿ ಕರ್ನಾಟಕವು ಹದಿನೈದು ವರ್ಷಗಳ ತರುವಾಯ ರಣಜಿ ಟ್ರೋಫಿಯನ್ನು ಗೆದ್ದಿತು. ಗೆದ್ದದ್ದು 2014ರ ಫೆಬ್ರವರಿ ಮೊದಲ ವಾರದಲ್ಲಿ, ಹೈದರಾಬಾದಿನಲ್ಲಿ. ಮುಂದಿನ ಲೀಗಿನ ಹರಾಜು ನಡೆದದ್ದು ಅದೇ ತಿಂಗಳು, ಬೆಂಗಳೂರಿನಲ್ಲಿಯೇ. ನಾಡಿನ ನಾಯಕನು ಕೋಲ್ಕತ್ತದ ಪಾಲಾದರು. ಉತ್ತಪ್ಪ, ಪಾಂಡೆ ಇಬ್ಬರೂ ಅಲ್ಲಿಗೇ ಹೋದರು. ಬೆಂಗಳೂರಿನ ತಂಡ 14 ಕೋಟಿ ರೂಪಾಯಿ ಕೊಟ್ಟು ಯುವರಾಜ್ ಸಿಂಗರನ್ನು ತಂದು, ಮುಂದಿನ ವರ್ಷ ಕೈಬಿಟ್ಟಿತು.

ಮುಂದೆ ನಡೆದುದನ್ನು ನಾಟಕಕಾರನು ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು. 2014ರ ಜೂನ್ 1ರಂದು ಲೀಗಿನ ಅಂತಿಮ ಪಂದ್ಯ. ಸ್ಥಳ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಆ ಅಂಗಳದ ಒಡೆಯರಾದ ನಮ್ಮವರು ಏಳನೆಯವರಾಗಿ ಎಂದೋ ಮನೆ ಸೇರಿದ್ದರು. ಪಂಜಾಬಿನ ವಿರುದ್ಧ 94 ರನ್ ಹೊಡೆದು ಕೋಲ್ಕತ್ತವನ್ನು ಗೆಲ್ಲಿಸಿದವರು ಮನೀಷ್ ಪಾಂಡೆ. ಆ ವರ್ಷ ಎಲ್ಲರಿಗಿಂತ ಹೆಚ್ಚು, 660 ರನ್, ಕೂಡಿಹಾಕಿದವರು ರಾಬಿನ್ ಉತ್ತಪ್ಪ. ಬೆಂಗಳೂರಿನ ಜನ ತಮ್ಮೂರ ಹುಡುಗರ ಆಟವನ್ನು, ಪರವೂರಿನ ಬಣ್ಣ ತೊಟ್ಟವರಾಗಿ, ತಮ್ಮದೇ ಅಂಗಳದಲ್ಲಿ ನೋಡಿದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇನ್ನು ಮೇಲೆ ಬೇರೆ ಟೀಕೆ ಬರೆಯಬೇಕಾಗಿಲ್ಲ. ಮರುವರ್ಷ, 2015ರ ಮಾರ್ಚಿಯಲ್ಲಿ, ಮುಂಬಯಿಯಲ್ಲಿ ತಮಿಳುನಾಡಿನ ವಿರುದ್ಧ ರಣಜಿ ಅಂತಿಮ ಪಂದ್ಯ. ವಿನಯ್ ಮೊದಲು 34 ರನ್ನಿಗೆ 5 ವಿಕೆಟ್ ಕಿತ್ತು, ಬಳಿಕ ಔಟಾಗದೆ 105 ರನ್ನನ್ನೂ ಮಾಡಿ, ಟ್ರೋಫಿಯನ್ನು ಎರಡನೆಯ ಸಲ ಎತ್ತಿದರು.

ಈಗ ತಮ್ಮನ್ನು ಹರಿಹರಕ್ಕೆ ಕರೆದೊಯ್ಯುತ್ತೇನೆ. ಹದಿನಾಲ್ಕು ಕಿಲೋಮೀಟರು, ದೂರವೇನಲ್ಲ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಸ್ಥಳಪುರಾಣವನ್ನು ಬಲ್ಲಿರಷ್ಟೆ. ಗುಹಾಸುರನೆಂಬ ರಕ್ಕಸನು ಹರಿಯಿಂದಲೂ ಹರನಿಂದಲೂ ತನಗೆ ಸಾವು ಬರಬಾರದೆಂದು ವರ ಪಡೆದಿದ್ದ. ಒಬ್ಬೊಬ್ಬರೇ ಹೋದರೆ ಅವನನ್ನು ಕೊಲ್ಲಲಾಗದು. ಆಗ ಇಬ್ಬರೂ ಒಂದೇ ಮೈಯಾದರು. ಬಲಗಡೆ ಹರ, ಎಡಗಡೆ ಹರಿ. ಗುಡಿಯೊಳಗಿನ ಮೂರ್ತಿ ಇಂದಿಗೂ ಹಾಗೆಯೇ ನಿಂತಿದೆ.

ಬೆಂಗಳೂರಿನ ತಂಡಕ್ಕೆ ಒಂದು ಮಗ್ಗುಲು ಮಾತ್ರ ಇದ್ದಿತು. ದಾಂಡಿಗರ ಮಗ್ಗುಲಲ್ಲಿ ಕೊಹ್ಲಿ, ಕ್ರಿಸ್ ಗೇಲ್, ಎ.ಬಿ. ಡಿವಿಲಿಯರ್ಸ್, ಬೌಲರುಗಳ ಮಗ್ಗುಲಲ್ಲಿ ಬಯಲು. 2013ರ ಏಪ್ರಿಲ್ 23ರಂದು ಗೇಲ್ ಒಬ್ಬರೇ 175, ತಂಡದ ಮೊತ್ತ 263. ಆದರೂ ಆ ವರ್ಷ ಐದನೆಯ ಸ್ಥಾನ. 2016ರಲ್ಲಿ ಕೊಹ್ಲಿ ನಾಲ್ಕು ಶತಕ ಸಹಿತ 973 ರನ್ ಗಳಿಸಿದರು. ಬೆಂಗಳೂರಿನಲ್ಲಿಯೇ ನಡೆದ ಅಂತಿಮ ಪಂದ್ಯದಲ್ಲಿ ಮೊದಲ ಜೋಡಿ 114 ರನ್ ಕೂಡಿಸಿತು. ಎದುರಾಳಿಗಳಿಗೆ ಅದಾಗಲೇ 208 ಬಿಟ್ಟುಕೊಟ್ಟಾಗಿತ್ತು. 9 ಕೋಟಿ 50 ಲಕ್ಷ ರೂಪಾಯಿಗೆ ತಂದ ಶೇನ್ ವಾಟ್ಸನ್ ಆ ದಿನ ನಾಲ್ಕು ಓವರಿನಲ್ಲಿ ಕೊಟ್ಟದ್ದು 61. ಸೋಲು ಎಂಟು ರನ್ನಿನದು. ಮರುವರ್ಷ ಏಪ್ರಿಲ್ 23ರಂದು, ಗೇಲರ 175ರ ಅದೇ ತಾರೀಖಿನಂದು, ಕೋಲ್ಕತ್ತದಲ್ಲಿ ಇಡೀ ತಂಡ 49ಕ್ಕೆ ಉರುಳಿತು. ಒಬ್ಬರೂ ಎರಡಂಕಿ ಮುಟ್ಟಲಿಲ್ಲ. ಇದ್ದ ಒಂದು ಮಗ್ಗುಲೂ ಆ ದಿನ ಮಲಗಿತ್ತು. ಇದ್ದ ಒಳ್ಳೆಯ ಬೌಲರನ್ನಾದರೂ ಉಳಿಸಿಕೊಂಡರೆ? ಯಜುವೇಂದ್ರ ಚಾಹಲ್ ಎಂಟು ವರ್ಷ ಆಡಿ 139 ವಿಕೆಟ್ ಕೊಟ್ಟವರು. 2022ರಲ್ಲಿ ಅವರನ್ನು ಬಿಟ್ಟರು. ಆ ವರ್ಷವೇ ರಾಜಸ್ಥಾನಕ್ಕೆ ಆಡಿ 27 ವಿಕೆಟ್ಟಿನೊಡನೆ ಲೀಗಿಗೇ ಮೊದಲಿಗರಾದರು. ಕೆ.ಎಲ್. ರಾಹುಲ್ 2018ರಲ್ಲಿ ಪಂಜಾಬಿಗೆ ಹೋಗಿ ಏನು ಮಾಡಿದರೆಂಬುದನ್ನು ಮನೆಯ ಮಕ್ಕಳನ್ನು ಕೇಳಿದರೆ ಹೇಳುತ್ತಾರೆ.

ನಾವು ಇದನ್ನೆಲ್ಲ ಹಣೆಬರಹವೆಂದೆವು. ಈ ವಿಷಯದಲ್ಲಿ ನಮಗೆ ಜಪಾನಿನಲ್ಲಿ ನೆಂಟರಿದ್ದಾರೆ. ಅಲ್ಲಿನ ಬೇಸ್‌ಬಾಲ್ ತಂಡಗಳೂ ಕಂಪೆನಿಗಳ ಹೆಸರು ಹೊತ್ತವೇ: ಟೋಕಿಯೋದ್ದು ಯೋಮಿಯೂರಿ ಪತ್ರಿಕೆಯವರು 1934ರಲ್ಲಿ ಕಟ್ಟಿದ್ದು, ಒಸಾಕ ಕಡೆಯ ಹಾನ್‌ಶಿನ್ ತಂಡ ರೈಲು ಕಂಪೆನಿಯದು. ಹಾನ್‌ಶಿನ್ ತಂಡ 1985ರಲ್ಲಿ ಗೆದ್ದಾಗ, ಕೋಳಿಮಾಂಸದ ಅಂಗಡಿಯ ಮುಂದಿದ್ದ ಗಡ್ಡದ ಮುದುಕನ ಬೊಂಬೆಯನ್ನು ಅಭಿಮಾನಿಗಳು ಸಂಭ್ರಮದಲ್ಲಿ ಕಾಲುವೆಗೆ ಎಸೆದರು. ಆಮೇಲೆ ಸೋಲು ತಪ್ಪದಾದಾಗ ಮುದುಕನ ಶಾಪವೆಂದರು. 2009ರಲ್ಲಿ ಬೊಂಬೆಯನ್ನು ಎತ್ತಿದರೂ ಗೆಲುವು ಬಂದದ್ದು 2023ರಲ್ಲಿ. ಆದರೆ ಅವರಲ್ಲಿ ಪ್ರತಿಯೊಂದು ತಂಡವೂ ಎಳೆಯರಿಗಾಗಿ ಎರಡನೆಯ ತಂಡವೊಂದನ್ನು ಸಾಕುತ್ತದೆ. 2004ರಲ್ಲಿ ಒಡೆಯರು ಎರಡು ತಂಡಗಳನ್ನು ಒಂದುಮಾಡಹೊರಟಾಗ ಆಟಗಾರರು ಎರಡು ದಿನ ಮುಷ್ಕರ ಹೂಡಿದರು. ಮರುವರ್ಷ ಸೆಂದಾಯಿ ನಗರಕ್ಕೆ ಹೊಸ ತಂಡವೊಂದು ಬಂದಿತು. ನಮ್ಮಲ್ಲಿ ಎಳೆಯರ ಪಾತಿಯೆಂದು 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಮೊದಲಾಯಿತು. ದಾವಣಗೆರೆಗೂ ‘ಡೈಮಂಡ್ಸ್’ ಎಂಬ ತಂಡವಿತ್ತು. 2019ರಲ್ಲಿ ಮೋಸದಾಟದ ಆರೋಪದ ಮೇಲೆ ಬೇರೊಂದು ತಂಡದ ಒಡೆಯರೂ ಕೆಲವು ಆಟಗಾರರೂ ಬಂಧಿತರಾದ ಮೇಲೆ ಆ ಪಂದ್ಯಾವಳಿಯೇ ನಿಂತುಹೋಯಿತು. 2022ರಲ್ಲಿ ಮಹಾರಾಜ ಟ್ರೋಫಿಯೆಂದು ಮತ್ತೆ ಪ್ರಾರಂಭಿಸಿದಾಗ ಆರು ಊರುಗಳಲ್ಲಿ ನಮ್ಮ ಊರಿರಲಿಲ್ಲ.

ನನ್ನ ಮಾತಿಗೆ ಒಂದು ಎದುರು ಮಾತುಂಟು, ಅದನ್ನು ಮುಚ್ಚಿಡುವುದು ತರವಲ್ಲ. 2025ರಲ್ಲಿ ಕೊನೆಗೂ ಗೆದ್ದ ಹನ್ನೊಂದರಲ್ಲಿ ಕನ್ನಡ ನಾಡಿನವರು ಮಯಂಕ್ ಅಗರ್ವಾಲ್ ಒಬ್ಬರೇ. ಹಾಗಾದರೆ ನಾಡವರು ಬೇಕೆಂಬ ಹಳಹಳಿಕೆ ಬರಿಯ ಅಭಿಮಾನವೆ? ಸ್ವಲ್ಪ ಮಟ್ಟಿಗೆ ಹೌದು, ಒಪ್ಪುತ್ತೇನೆ. ಗೆಲ್ಲಿಸಿದ್ದು ಚೀಲದೊಳಗೆ ಕೈಯಿಟ್ಟು ನೋಡಿದ ಖರೀದಿ. 2024ರ ನವೆಂಬರ್ ಹರಾಜಿನಲ್ಲಿ ಅವರು ದೊಡ್ಡ ಹೆಸರುಗಳ ಹಿಂದೆ ಓಡದೆ ಜಾಶ್ ಹೇಜಲ್‌ವುಡ್, ಭುವನೇಶ್ವರ್ ಕುಮಾರ್, ಕೃಣಾಲ್ ಪಾಂಡ್ಯ ಇವರನ್ನು ತಂದರು. ಮೂವರೂ ಸೇರಿ 56 ವಿಕೆಟ್ ಕಿತ್ತರು. ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ನಮ್ಮವರು 190, ಪಂಜಾಬ್ 184. ಕೃಣಾಲ್ ಕೊಟ್ಟದ್ದು 17 ರನ್, ಪಡೆದದ್ದು 2 ವಿಕೆಟ್. ಎರಡನೆಯ ಮಗ್ಗುಲು ಕೂಡಿಕೊಂಡಿತ್ತು. ಅಂತರ ಆರು ರನ್. ಜೊಹಾನ್ಸ್‌ಬರ್ಗಿನಲ್ಲಿ ಕಳೆದುಕೊಂಡದ್ದೂ ಅಷ್ಟೇ.

ಆ ರಾತ್ರಿ ದಾವಣಗೆರೆಯಲ್ಲಿ ಯಾರೂ ಬೇಗ ಮಲಗಲಿಲ್ಲ. ಪಟಾಕಿಯ ಹೊಗೆಯಲ್ಲಿ ಮುದುಕರೂ ಜಗಲಿಗೆ ಬಂದು ನಿಂತಿದ್ದರು.

ಮರುದಿನ ಬೆಳಗ್ಗೆ ವಿಧಾನಸೌಧದಿಂದ ಚಿನ್ನಸ್ವಾಮಿ ಕ್ರೀಡಾಂಗಣದವರೆಗೆ ವಿಜಯಯಾತ್ರೆಯೆಂದು ತಂಡದವರು ಮೊಬೈಲ್ ಫೋನುಗಳ ಮೂಲಕ ಸಾರಿದರು. ಅದಕ್ಕೆ ಪೋಲೀಸರ ಅನುಮತಿಯಾಗಿರಲಿಲ್ಲ. ಒಳಗೆ ಹೋಗಲು ಪಾಸು ಬೇಕೆಂಬ ಮಾತು ಬಂದದ್ದು ಮಧ್ಯಾಹ್ನ ಮೂರರ ಮೇಲೆ. ಅಷ್ಟು ಹೊತ್ತಿಗೆ ಜನ ಬಂದಾಗಿತ್ತು. ಸುಮಾರು 35,000 ಮಂದಿ ಹಿಡಿಸುವ ಅಂಗಳದ ಸುತ್ತ ಎರಡು ಮೂರು ಲಕ್ಷ ಜನ ನೆರೆದಿದ್ದರೆಂದು ಮುಖ್ಯಮಂತ್ರಿಗಳು ಹೇಳಿದರು. ಬಾಗಿಲುಗಳ ಬಳಿ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಸತ್ತರು. ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಅವರ ಏಕಸದಸ್ಯ ಆಯೋಗವು ತಂಡ, ಕ್ರಿಕೆಟ್ ಸಂಸ್ಥೆ, ಸಮಾರಂಭದ ಗುತ್ತಿಗೆದಾರರು, ಪೋಲೀಸರು ಇವರೆಲ್ಲರ ಲೋಪವನ್ನೂ ಎತ್ತಿ ತೋರಿಸಿತು. ಭಾರಿ ಜನಸಂದಣಿಗೆ ಆ ಅಂಗಳ ತಕ್ಕುದಲ್ಲವೆಂದಿತು. ಅದೇ ವರ್ಷ ಬೆಂಗಳೂರಿನಲ್ಲಿ ನಡೆಯಬೇಕಾಗಿದ್ದ ಮಹಿಳೆಯರ ವಿಶ್ವಕಪ್ ಪಂದ್ಯಗಳನ್ನು ನವಿ ಮುಂಬಯಿಗೆ ಸಾಗಿಸಿದರು.

ಯಾವ ಬೌಲರನ್ನು ಎಷ್ಟಕ್ಕೆ ಕೊಳ್ಳಬೇಕೆಂಬುದನ್ನು ಕಲಿಯಲು ಆಡಳಿತಕ್ಕೆ ಹದಿನೇಳು ವರ್ಷ ಹಿಡಿಯಿತು. ಅಷ್ಟು ವರ್ಷವೂ ಬಿಸಿಲಲ್ಲಿ ನಿಂತು ಕಾದ ಜನಕ್ಕೆ ಯಾವ ಬಾಗಿಲನ್ನು ಎಷ್ಟು ಹೊತ್ತಿಗೆ ತೆರೆಯಬೇಕೆಂಬ ಪಾಠವನ್ನು ಆ ಮಧ್ಯಾಹ್ನದವರೆಗೂ ಯಾರೂ ತೆರೆದು ನೋಡಿರಲಿಲ್ಲ.