ಕಚ್ಛ್ ಕೊಲ್ಲಿಯ ದ್ವೀಪಗಳು: ಶಂಖದ ಲೆಕ್ಕದಿಂದ ಹವಳದ ನೋಟಕ್ಕೆ

ಗುಜರಾತಿನ ವನ್ಯಜೀವಿ ಎಂದೊಡನೆ ನಮಗೆ ನೆನಪಾಗುವುದು ಗಿರ್‌ನ ಸಿಂಹ, ಆಮೇಲೆ ನಳ ಸರೋವರದ ಹಕ್ಕಿಗಳು. ಬೋಪಾಲ್‌ನಿಂದ ಸುಮಾರು 300 ಕಿ.ಮೀ. ದೂರದ ಜಾಮ್‌ನಗರದ ಕಡಲಲ್ಲಿ ಹವಳದ ದ್ವೀಪಗಳಿವೆ ಎಂದರೆ ಊರಿನಿಂದ ಬಂದ ನೆಂಟರು ನಂಬುವುದೇ ಇಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತ ಅಹಮದಾಬಾದಿನ ಉತ್ತರಕ್ಕೆ ಹಾದುಹೋಗುವುದರಿಂದ ಇವು ಉಷ್ಣವಲಯದ ದ್ವೀಪಗಳೇ. ಇಂದು ನಾವು ಈ ಕಡಲನ್ನು ನೋಡಿ ಸಂತೋಷಪಡಲು ಹೋಗುತ್ತೇವೆ. ನೂರು ವರ್ಷಗಳ ಹಿಂದೆ ಇದರತ್ತ ತಿರುಗಿದ ಕಣ್ಣು ಆದಾಯದ ಲೆಕ್ಕ ಹಾಕುತ್ತಿತ್ತು.

ಆಗ ದ್ವಾರಕೆ ಮತ್ತು ಬೇಟ್ ದ್ವಾರಕೆ ಇರುವ ಓಖಾಮಂಡಲ ಪ್ರದೇಶ ಬರೋಡಾ ಸಂಸ್ಥಾನಕ್ಕೆ ಸೇರಿತ್ತು. ಮೂರನೆಯ ಸಯಾಜಿರಾವ್ ಗಾಯಕವಾಡರ ಆಳ್ವಿಕೆಯಲ್ಲಿ, 1905-06ರಲ್ಲಿ, ಕಡಲಜೀವಿ ತಜ್ಞ ಜೇಮ್ಸ್ ಹಾರ್ನೆಲ್ ಇಲ್ಲಿನ ಸಮುದ್ರದ ಸಮೀಕ್ಷೆ ನಡೆಸಿದರು. ಮುತ್ತು, ಸಿಂಪಿ, ಶಂಖಗಳಿಂದ ಸಂಸ್ಥಾನಕ್ಕೆ ಏನು ಸಿಗಬಹುದು ಎಂಬುದು ಮುಖ್ಯ ಪ್ರಶ್ನೆ. ಆದರೆ 1909 ಮತ್ತು 1916ರಲ್ಲಿ ಎರಡು ಭಾಗಗಳಾಗಿ ಬಂದ ವರದಿಯಲ್ಲಿ ಮಾರಾಟಕ್ಕೆ ಬಾರದ ಎಷ್ಟೋ ಜೀವಿಗಳ ವಿವರವೂ ಸೇರಿಕೊಂಡಿತು. ಈ ಕಡಲಿನ ಜೀವಸಂಪತ್ತಿನ ಮೊದಲ ದೊಡ್ಡ ದಾಖಲೆಗಳಲ್ಲಿ ಅದೂ ಒಂದು.

ಬೇಟ್ ದ್ವಾರಕೆಗೆ ಶಂಖೋದ್ಧಾರ ಎಂಬ ಹೆಸರೂ ಇದೆ. 1914ರಲ್ಲಿ ಹಾರ್ನೆಲ್ ಭಾರತದ ಶಂಖದ ಬಗ್ಗೆಯೇ ಒಂದು ಗ್ರಂಥ ಬರೆದರು. ನಮ್ಮ ದೇವರ ಮನೆಯ ಶಂಖ, ಬಂಗಾಳದ ಮುತ್ತೈದೆಯರು ತೊಡುವ ಶಂಖದ ಬಳೆ ಎರಡೂ ಒಂದು ಜೀವಿಯ ಚಿಪ್ಪಿನಿಂದ ಆದವು. ಕಡಲಿನಿಂದ ತರುವುದು ನಮ್ಮ ಸಂಪ್ರದಾಯದಲ್ಲೇ ಇದೆ. ಎಷ್ಟು ತರಬಹುದು ಎಂಬ ಪ್ರಶ್ನೆ ಮಾತ್ರ ತಡವಾಗಿ ಬಂತು.

ಸ್ವಾತಂತ್ರ್ಯಾನಂತರ ಸಿಮೆಂಟಿಗಾಗಿ ಇಲ್ಲಿನ ಹವಳದ ಮರಳನ್ನು ಅಗೆದು ತೆಗೆಯಲಾಯಿತು. ನೂರಾರು ವರ್ಷಗಳಲ್ಲಿ ಬೆಳೆದದ್ದು ಮೂಟೆಗಳಲ್ಲಿ ಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ 1980ರಲ್ಲಿ ಇದು ಅಭಯಾರಣ್ಯವಾಯಿತು. 1982ರಲ್ಲಿ ಇದರ ಒಂದು ಭಾಗ ಭಾರತದ ಮೊದಲ ಸಾಗರ ರಾಷ್ಟ್ರೀಯ ಉದ್ಯಾನವಾಯಿತು. ಇದರಲ್ಲಿ 42 ದ್ವೀಪಗಳಿವೆ. 2001ರಲ್ಲಿ ಹವಳಗಳು ಹುಲಿ, ಸಿಂಹಗಳಿರುವ ಮೊದಲ ಪರಿಶಿಷ್ಟಕ್ಕೇ ಸೇರಿದವು. ನೆನಪಿಗೆಂದು ಒಂದು ತುಂಡು ಹವಳ ಜೇಬಿಗೆ ಹಾಕಿಕೊಂಡರೂ ಅಪರಾಧ.

ಇಂದು ಪಿರೋಟನ್ ದ್ವೀಪಕ್ಕೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ದೋಣಿಗೆ ಉಬ್ಬರವೂ ಕೂಡಿ ಬರಬೇಕು. ದೋಣಿ ಬೇಡವೆನ್ನುವವರಿಗೆ ವಾಡಿನಾರ್ ಬಳಿಯ ನರಾರಾ ಇದೆ. ಗುಜರಾತಿಯ 'ಭರತಿ–ಓಟ್' ನಮ್ಮ 'ಭರತ–ಇಳಿತ'ವೇ. ಇಳಿತದಲ್ಲಿ ನೀರು ಹಿಂದೆ ಸರಿದಾಗ ಕಡಲ ನೆಲದ ಮೇಲೇ ನಡೆದು ಹವಳ, ಏಡಿ, ಆಕ್ಟೋಪಸ್, ಕಡಲ ಸೌತೆ ನೋಡಬಹುದು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಇಳಿತ ಹೆಚ್ಚು. ಆದ್ದರಿಂದ ಪ್ರವಾಸದ ದಿನ ಗೊತ್ತುಮಾಡಲು ಅಡುಗೆಮನೆಯ ಕ್ಯಾಲೆಂಡರೇ ಸಹಾಯಕ್ಕೆ ಬರುತ್ತದೆ.

ಆದರೆ ನೀರಿಲ್ಲದೆ ಬಯಲಾದ ಹವಳಕ್ಕೆ ನಮ್ಮ ಪಾದವೂ ಭಾರವೇ. ಫೋಟೋಗಾಗಿ ಆಕ್ಟೋಪಸ್ ಎತ್ತಿ ಕೊಡು ಎಂದು ಗೈಡ್‌ಗೆ ಒತ್ತಾಯಿಸಿದರೆ, ನಾವೂ ಹಳೆಯ ಲೆಕ್ಕದವರೇ ಆಗುತ್ತೇವೆ. ತೆಗೆದುಕೊಳ್ಳುವ ವಸ್ತು ಮಾತ್ರ ಬೇರೆ. ಮುರುಡೇಶ್ವರದ ಎದುರಿನ ನಮ್ಮ ನೇತ್ರಾಣಿ ದ್ವೀಪದ ಹವಳಕ್ಕೂ ಇದೇ ಮಾತು ಸಲ್ಲುತ್ತದೆ.

ರಜೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಗೈಡ್ ಹೇಳಿದ ದಾರಿಯಲ್ಲೇ ನಡೆಯಿರಿ, ಬಾಗಿ ನೋಡಿ, ಮುಟ್ಟದೆ ಬನ್ನಿ. ಸಿಂಹವನ್ನು ಜೀಪಿನಿಂದ ನೋಡುವ ಶಿಸ್ತು ನಮಗೆ ಈಗಾಗಲೇ ಇದೆ. ಅಂಗೈಯಗಲದ ಏಡಿಗೂ ಅಷ್ಟೇ ಮರ್ಯಾದೆ ಕೊಟ್ಟರೆ ಸಾಕು.