ಈಚಲ ರಸವೂ ಬಾವಲಿಯೂ

ಅಮರಕೋಶವು ಅಜಿನಪತ್ರಾ ಎಂದು ಕರೆದ, ನಮ್ಮ ಹಳ್ಳಿಗರು ಮನೆಹೊಕ್ಕರೆ ಅಪಶಕುನವೆಂದು ಶಂಕಿಸಿದ, ಈಸೋಪನ ಕಥೆಯು ಪಕ್ಷಿಮೃಗಗಳ ಯುದ್ಧದಲ್ಲಿ ಉಭಯ ಪಕ್ಷಕ್ಕೂ ಸಲ್ಲದುದೆಂದು ಹಳಿದ ಬಾವಲಿಯ ವಿಷಯದಲ್ಲಿ ಜನರಿಗಿದ್ದ ಭೀತಿಯು ಬಹು ಪುರಾತನವಾದುದು; ಆದರೆ ಬಂಗಾಳದಲ್ಲಿ ಅದರಿಂದ ವಿಪತ್ತು ಬಂದುದು ಅತಿಪ್ರಿಯವಾದ ಪಾನೀಯವೊಂದರ ಮೂಲಕ.

ಅಲ್ಲಿ ಹೇಮಂತವು ಕಾಲಿಟ್ಟೊಡನೆ ಗಾಛಿಗಳೆಂಬ ಕಸುಬುದಾರರು ಈಚಲ ಮರವೇರಿ, ಸುಳಿಯ ಬುಡದ ತೊಗಟೆಯನ್ನು ಹೆರೆದು, ಇರುಳೆಲ್ಲ ಒಸರುವ ರಸವನ್ನು ಮಣ್ಣಿನ ಗಡಿಗೆಯಲ್ಲಿ ಹಿಡಿದು, ಮುಂಜಾವದಲ್ಲಿ ಇಳಿಸುವರು. ಆ ಹಸಿರಸವನ್ನು ಚಳಿಯಲ್ಲಿಯೇ ಕುಡಿಯುವುದು ಅಲ್ಲಿಯ ಪರಮ ಸಂತೋಷಗಳಲ್ಲೊಂದು. ಉಳಿದುದು ಕುದಿದು ಸುಗಂಧಮಯವಾದ ಬೆಲ್ಲವಾಗುವುದು.

ಮಲೇಷ್ಯದಲ್ಲಿ 1998–99ರಲ್ಲಿ ಹಂದಿಗಳಿಂದ ಮನುಷ್ಯರಿಗೆ ಹರಡಿ, ಸುಂಗೈ ನಿಪಾ ಎಂಬ ಹಳ್ಳಿಯಿಂದ ಹೆಸರು ಪಡೆದ ವೈರಸ್ಸು 2001ರಲ್ಲಿ ಬಾಂಗ್ಲಾದೇಶದ ಮೆಹರ್‌ಪುರದಲ್ಲಿಯೂ ಜನರನ್ನು ಬಲಿಗೊಂಡಿತು; 2005ರಲ್ಲಿ ಟಾಂಗೈಲ್ ಜಿಲ್ಲೆಯ ರೋಗಿಗಳ ಜಾಡನ್ನು ಅರಸಿದವರು ಹಸಿರಸದ ಬಳಿ ಬಂದು ನಿಂತರು. ಕತ್ತಲಲ್ಲಿ ಕಾಣಬಲ್ಲ ಕ್ಯಾಮರಾಗಳು, ಹಣ್ಣುತಿನ್ನುವ ಬಾವಲಿಗಳು ಹೆರೆದ ಮರವನ್ನೇ ನೆಕ್ಕುವುದನ್ನು ಮುಂದೆ ತೋರಿಸಿದುವು. ಆ ವೈರಸ್ಸನ್ನು ಹೊತ್ತ ಅವುಗಳ ಜೊಲ್ಲೂ ಮೂತ್ರವೂ ರಸದಲ್ಲಿ ಬೆರೆತರೆ, ಮಿದುಳಿಗೆ ಉರಿಯೂತ ತಂದು ಸೋಂಕಿತರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಕೊಲ್ಲಬಲ್ಲ ರೋಗವು ಅದನ್ನು ಕುಡಿದವರಿಗೆ ಉಂಟಾಗಬಹುದು.

ಕುದಿಸಿದ ಬೆಲ್ಲಕ್ಕೆ ಈ ಭಯವಿಲ್ಲ. ಗಾಛಿಗಳಲ್ಲಿ ಕೆಲವರು, ರಸವು ಮಲಿನವಾಗದಿರಲೆಂದು, ಬಿದಿರಿನ ತಟ್ಟಿಯನ್ನು ಮರಕ್ಕೆ ಮೊದಲೇ ಕಟ್ಟುತ್ತಿದ್ದರು. ಸಂಶೋಧಕರು ಅದನ್ನೇ ಪರೀಕ್ಷಿಸಿ ಫಲಕಾರಿಯೆಂದು ಕಂಡರು. ಪರಾಗವನ್ನೂ ಬೀಜವನ್ನೂ ಒಯ್ದು ಕಾಡು ಬೆಳೆಸುವ ಜೀವಿಯನ್ನು ಸಂಹರಿಸುವುದಕ್ಕಿಂತ ಆ ತಟ್ಟಿಯನ್ನು ಕಟ್ಟುವುದೇ ಸರ್ವಥಾ ಯುಕ್ತವೆಂದು ನಾನು ದೃಢವಾಗಿ ನಂಬುತ್ತೇನೆ.