ಅಮ್ಮನ ಹಣೆಗೆ ಹಚ್ಚಿದ ಮೀಟರ್ ಅಳೆದದ್ದು ಏನನ್ನು?

ಅಮ್ಮನ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಯ್ತು. ತ್ಯಾಗರಾಜನಗರದ ಮನೆಗೆ ಬಂದು ಬಿಲ್ ಬಿಡಿಸಿದರೆ ಅದರಲ್ಲೊಂದು ಸಾಲು: ಬಿಐಎಸ್ ಸೆನ್ಸರ್. ಹಣೆಗೆ ಅಂಟಿಸಿ, ಒಮ್ಮೆ ಬಳಸಿ ಎಸೆಯುವ ಪಟ್ಟಿ. ‘ನನ್ನ ತಲೆಗೂ ಮೀಟರ್ ಹಾಕಿದ್ರೇನೋ?’ ಅಂದರು ಅಮ್ಮ.

ಒಂಥರಾ ಮೀಟರೇ. ಮೆದುಳಿನ ವಿದ್ಯುತ್ ಅಲೆಗಳನ್ನು, ಅಂದರೆ ಇಇಜಿಯನ್ನು ಓದಿ, ಅರಿವಳಿಕೆ ಎಷ್ಟು ಆಳವಾಗಿದೆ ಅನ್ನೋದನ್ನು ಒಂದು ಅಂಕಿಯಲ್ಲಿ ಹೇಳುತ್ತೆ. ಬಿಐಎಸ್‌ನಲ್ಲಿ 100 ಅಂದರೆ ಪೂರ್ಣ ಎಚ್ಚರ. ಆಪರೇಷನ್‌ಗೆ 40ರಿಂದ 60 ಸರಿ. ಅಮೆರಿಕದಲ್ಲಿ 1996ರಲ್ಲಿ ಅನುಮತಿ ಪಡೆದ ಈ ಯಂತ್ರದ ಲೆಕ್ಕಾಚಾರ ಕಂಪನಿಯ ಗುಟ್ಟು. ಜಿಇಯ ಎಂಟ್ರೊಪಿ ಸೂತ್ರ ಬಹಿರಂಗ. ಅದು ಎರಡು ಅಂಕಿ ಕೊಡುತ್ತೆ. ಎರಡರ ನಡುವೆ ಅಂತರ ಹೆಚ್ಚಿದರೆ ಹಣೆಯ ಸ್ನಾಯು ಮಿಸುಕುತ್ತಿದೆ ಅಂತ ಸುಳಿವು. ಎಂಜಿನಿಯರಿಂಗ್ ಓದಿದ ನನಗೆ ಇದೇ ಇಷ್ಟ. ಮಾಸಿಮೋದ ಸೆಡ್‌ಲೈನ್ ಮೆದುಳಿನ ಎರಡೂ ಬದಿಯ ಅಲೆ ತೋರಿಸುತ್ತೆ, ಆದರೆ ಅದರ ಗುರಿ 25ರಿಂದ 50. ಅಲ್ಲಿ 35 ಸರಿಯಾದ ಅಂಕಿ, ಬಿಐಎಸ್‌ನಲ್ಲಿ ಅದೇ 35 ಅತಿಯಾದ ಆಳ.

ಉಪಯೋಗ ಇದೆಯಾ? 2004ರ ಬಿ-ಅವೇರ್ ಅಧ್ಯಯನದಲ್ಲಿ ಅಪಾಯ ಹೆಚ್ಚಿದ್ದ 2,463 ರೋಗಿಗಳಿದ್ದರು. ಆಪರೇಷನ್ ನಡುವೆ ಎಚ್ಚರವಾದವರು ಬಿಐಎಸ್ ಇದ್ದ ಗುಂಪಿನಲ್ಲಿ 2, ಇಲ್ಲದ ಗುಂಪಿನಲ್ಲಿ 11. ಆದರೆ 2008ರಲ್ಲಿ ಬಿಐಎಸ್ಸನ್ನು, ರೋಗಿ ಹೊರಬಿಡುವ ಉಸಿರಿನಲ್ಲಿ ಅರಿವಳಿಕೆ ಗ್ಯಾಸ್ ಎಷ್ಟಿದೆ ಅಂತ ಅಳೆದು ಅಲಾರಂ ಕೊಡುವ ಪದ್ಧತಿಯ ಜೊತೆ ಹೋಲಿಸಿದಾಗ ಎರಡೂ ಕಡೆ ತಲಾ ಇಬ್ಬರು. 2011ರಲ್ಲಿ ಆರು ಸಾವಿರ ರೋಗಿಗಳ ಮೇಲೆ ನೋಡಿದಾಗಲೂ ಬಿಐಎಸ್ ಮೇಲುಗೈ ಸಾಧಿಸಲಿಲ್ಲ. ಅಂದರೆ ಗ್ಯಾಸ್ ಕೊಡುವಾಗ ಆ ಅಲಾರಂ ಇದ್ದರೆ ಸಾಕಾಗಬಹುದು. ಪ್ರೊಪೊಫಾಲ್‌ನಂಥ ಔಷಧವನ್ನು ರಕ್ತನಾಳಕ್ಕೆ ಹರಿಸುವಾಗ ಉಸಿರಿನಿಂದ ಹಾಗೆ ಅಳೆಯೋಕಾಗಲ್ಲ. ಜೊತೆಗೆ ಸ್ನಾಯು ಸಡಿಲಿಸುವ ಔಷಧವನ್ನೂ ಕೊಟ್ಟಿದ್ದರೆ ಎಚ್ಚರವಾದ ರೋಗಿ ಕೈಯನ್ನೂ ಎತ್ತಲಾರ. ಈ ಪಟ್ಟಿಯ ದುಡ್ಡು ಸಾರ್ಥಕವಾಗೋದು ಅಲ್ಲಿ.

ಅಲ್ಲೂ ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 10 ಸ್ವಯಂಸೇವಕರಿಗೆ ಅರಿವಳಿಕೆ ಕೊಡದೆ, ಸ್ನಾಯು ಸಡಿಲಿಸುವ ಔಷಧ ಮಾತ್ರ ಕೊಟ್ಟರು. ಪೂರ್ತಿ ಎಚ್ಚರವಿದ್ದರೂ ಬಿಐಎಸ್ 60ಕ್ಕಿಂತ ಕೆಳಗಿಳಿದದ್ದುಂಟು! ಕೆಟಮಿನ್ ಕೊಟ್ಟರೆ ಉಲ್ಟಾ: ರೋಗಿ ನಿದ್ದೆಯಲ್ಲಿದ್ದರೂ ಅಂಕಿ ಏರಬಹುದು. ಹಾಗಾಗಿ ಅನುಭವಿ ಅರಿವಳಿಕೆ ತಜ್ಞರು ಅಂಕಿಯ ಜೊತೆ ಅಲೆಯನ್ನೂ ನೋಡುತ್ತಾರೆ.

ನಾನು ಇದ್ಯಾವುದನ್ನೂ ಕೇಳದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೆ. ನೀವು ಆಪರೇಷನ್‌ಗೆ ಮುಂಚೆ ಅರಿವಳಿಕೆ ತಜ್ಞರನ್ನು ಕೇಳಿ: ಗ್ಯಾಸಾ, ಇಂಜೆಕ್ಷನ್ನಾ? ಸ್ನಾಯು ಸಡಿಲಿಸುತ್ತೀರಾ? ಆಳವನ್ನು ಯಾವುದರಲ್ಲಿ ನೋಡುತ್ತೀರಿ? ಹಿಂದೆಂದಾದರೂ ಆಪರೇಷನ್ ಮಧ್ಯೆ ಎಚ್ಚರವಾಗಿದ್ದರೆ, ಅದನ್ನು ಮೊದಲೇ ಹೇಳಿ.